ಬಾಲದ ಮೂರು ಕೀಲು

ಮಿಷನ್ ಅಕ್ಕನಿಗೆ ವಿನಯ ಎಂಬುದು ಹುಟ್ಟಿನಿಂದಲೇ ಇರಲಿಲ್ಲ. ಇದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ. ಹೊಲಿಗೆ ಮಿಷನ್ ರಿಪೇರಿಯಲ್ಲಿ ತನ್ನನ್ನು ಮೀರಿಸುವವರು ಈ ಊರಲ್ಲಿ ಇಲ್ಲ, ಪಕ್ಕದ ಊರಲ್ಲೂ ಇಲ್ಲ, ಅದರಾಚೆಯ ಊರಿನ ವಿಷಯ ವಿಚಾರಿಸಿ ಹೇಳುತ್ತೇನೆ ಎನ್ನುವ ಹೆಂಗಸು ಅವಳು. ಸಿಟ್ಟು ಬರಿಸುವ ಸಂಗತಿ ಏನೆಂದರೆ, ಅವಳು ಹೇಳುತ್ತಿದ್ದುದು ಬಹುಮಟ್ಟಿಗೆ ನಿಜವೇ ಆಗಿತ್ತು. ಬಡಾಯಿ ಕೊಚ್ಚುವವರು ಸುಳ್ಳು ಹೇಳಿದರೆ ನಕ್ಕು ಸುಮ್ಮನಾಗಬಹುದು. ನಿಜ ಹೇಳುವ ಬಡಾಯಿಯವರನ್ನು ಸಹಿಸುವುದು ಕಷ್ಟ.

ಅಂಗಡಿ ರಸ್ತೆಗೇ ತೆರೆದುಕೊಂಡ ಉದ್ದನೆಯ ಕೋಣೆ. ಮುಂದೆ ರಿಪೇರಿಗೆ ಬಂದ ಮಿಷನ್‌ಗಳ ಸಾಲು, ಹಿಂದೆ ಲೋಹ ಕಡೆಯುವ ಒಂದು ಪುಟ್ಟ ಲೇತ್, ಅದರ ಹಿಂದೆ ಪರದೆ, ಪರದೆಯ ಹಿಂದೆ ಮನೆ. ಎಡಕ್ಕೆ ತಗಡಿನ ಮಾಡಿನ ಕೆಳಗೆ ಗಂಡನ ಮರಗೆಲಸ. ಗರಗಸದ ಹೊಟ್ಟು ಹಾರಿಬಂದು ತನ್ನ ಎಣ್ಣೆ ಹಚ್ಚಿದ ಶಾಫ್ಟುಗಳಿಗೆ ಮೆತ್ತಿಕೊಳ್ಳುತ್ತದೆಂದು ಅಕ್ಕ ಎರಡರ ನಡುವೆ ನೆಲಕ್ಕೆ ಕೆಂಪು ಬಣ್ಣದ ಗೆರೆ ಎಳೆದಿದ್ದಳು. ಗೆರೆ ದಾಟಿದ ಹೊಟ್ಟನ್ನು ಗುಡಿಸುವುದು ಗಂಡನ ಪಾಲಿನ ಕೆಲಸ. ಬೀದಿಯವರಿಗೆಲ್ಲ ಅವಳು ಅಕ್ಕನಾದ್ದರಿಂದ ಅವನು ತಾನಾಗಿಯೇ ಭಾವ ಆಗಿಬಿಟ್ಟಿದ್ದ. ಅವನಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಒಂದು ಮನೆಗೆ ಜಗಳಗಂಟರು ಒಬ್ಬರು ಸಾಕು ಎಂಬುದು ಅವನ ಅಭಿಪ್ರಾಯ.

ಅಕ್ಕನ ತಾಯಿ ಬಟ್ಟೆ ಹೊಲಿದು ಮನೆ ನಡೆಸಿದವಳು. ತಾಯಿಯ ಮಿಷನ್ ಹೊಲಿಗೆ ತಪ್ಪಿಸತೊಡಗಿದಾಗ ಅದನ್ನು ಬಿಚ್ಚಿ ಮಂಚದ ತುಂಬ ಹರಡಿಕೊಂಡು ಕೂತವಳು ಇನ್ನೂ ಲಂಗ ಹಾಕುವ ಹುಡುಗಿ. ಬೈಸಿಕೊಂಡಳು, ಅತ್ತಳು, ಅಳುತ್ತಲೇ ಜೋಡಿಸಿದಳು. ಮಿಷನ್ ಮೊದಲಿಗಿಂತ ಚೆನ್ನಾಗಿ ಓಡಿತು. ಮುಂದೆ ಸಿದ್ಧ ಉಡುಪಿನ ಕಾರ್ಖಾನೆಯ ರಿಪೇರಿ ವಿಭಾಗ ಸೇರಿದಳು. ಅಲ್ಲಿ ಅಷ್ಟೂ ಜನ ಗಂಡಸರು. ಕೆಲಸವನ್ನು ಅವರಿಂದ ಕಲಿತಳು, ಬಾಯಿ ಮಾಡುವುದನ್ನು ಅವರಿಗೇ ಕಲಿಸಿದಳು. ಮೇಜುಗಳ ಕಾಲು ಸರಿಮಾಡಲು ಬರುತ್ತಿದ್ದ ಮಾತು ಕಡಿಮೆಯ ಬಡಗಿಯನ್ನು ಮದುವೆಯಾದಳು. ಕಾರ್ಖಾನೆ ಮುಚ್ಚಿದಾಗ ಯಾರಿಗೂ ಬೇಡವಾದ ಲೇತನ್ನು ಮನೆಗೆ ತಂದು, ಅಂಗಡಿ ತೆರೆದು, ಬಾಗಿಲ ಮೇಲೆ ಬೋರ್ಡ್ ಬರೆಸಿದಳು: ‘ಇಲ್ಲಿ ಆಗದ ರಿಪೇರಿ ಎಲ್ಲೂ ಆಗದು.’

ಅವಳ ಕಸುಬಿನ ಜೀವಾಳವೆಲ್ಲ ಒಂದೇ ಮಾತಿನಲ್ಲಿತ್ತು: ಆಟ. ಸವೆದ ಪಿನ್ನು ತನ್ನ ತೂತಿನೊಳಗೆ ಲಟಲಟ ಅಲ್ಲಾಡುವುದಕ್ಕೆ ಕೆಲಸಗಾರರು ಆಟ ಎನ್ನುತ್ತಾರೆ. ಅಕ್ಕನಿಗೆ ಅದನ್ನು ಕಂಡರಾಗದು. ಸವೆದ ತೂತನ್ನು ದೊಡ್ಡದು ಮಾಡಿ, ಅದರೊಳಗೆ ಕಂಚಿನ ಬುಶ್ ಎಂಬ ಪುಟ್ಟ ಬಳೆಯೊಂದನ್ನು ಒತ್ತಿ ಕೂರಿಸಿ, ರೀಮರ್ ಎನ್ನುವ ಹಲ್ಲಿನ ಕಡ್ಡಿಯಿಂದ ಕೊನೆಯ ಸಿಪ್ಪೆಯನ್ನು ಹೆರೆದು ತೆಗೆದಳೆಂದರೆ, ಪಿನ್ನು ಅದರೊಳಗೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಬೇಕು, ಅಲ್ಲಾಡಕೂಡದು.

“ಮರ ಅಂದ್ರೆ ಏನು ಮಹಾ? ತಪ್ಪಾದ್ರೆ ಒಂದು ಚೆಕ್ಕೆ ಸೇರಿಸಿ ಅಂಟು ಬಳಿದ್ರೆ ಮುಗೀತು,” ಎಂದು ಗಂಡನನ್ನು ಕೆಣಕುತ್ತಿದ್ದಳು. “ಕಬ್ಬಿಣದ ಹತ್ರ ಹಾಗೆ ಮಾಡಿ ನೋಡೋಣ.”

“ಕಬ್ಬಿಣಕ್ಕೆ ಜೀವ ಇಲ್ಲ ಕಣೇ, ಅದಕ್ಕೇ ನಿನ್ನ ಮಾತು ಕೇಳ್ತದೆ. ಮರ ಕೇಳಲ್ಲ,” ಎನ್ನುತ್ತಿದ್ದ ಭಾವ. ಅಷ್ಟು ಹೇಳಿ ಉಜ್ಜುಕೊರಡು ಹಿಡಿಯುತ್ತಿದ್ದ.

ಇಂಥ ಅಂಗಡಿಗೆ ಒಂದು ಬೆಳಿಗ್ಗೆ ಪೈಲಟ್ ಮೇಷ್ಟ್ರು ಬಂದರು. ಊರ ಹೊರಗಿನ ಪುಟ್ಟ ವಿಮಾನ ಮೈದಾನದ ಕ್ಲಬ್ಬಿನಲ್ಲಿ ಹಾರಾಟ ಕಲಿಸುವವರು. ರೆಕ್ಕೆಗಳ ಕೆಳಗೆ ತಲೆ ತಗ್ಗಿಸಿ ತಗ್ಗಿಸಿ, ರೆಕ್ಕೆ ಇಲ್ಲದ ಕಡೆಯೂ ತಗ್ಗಿಸಿಯೇ ನಡೆಯುವ ಉದ್ದನೆಯ ಮನುಷ್ಯ. ತಂಗಿಯ ಹೊಲಿಗೆ ಮಿಷನ್ ಒಯ್ಯಲು ಬಂದಿದ್ದರು. ಅಕ್ಕ ಅದರ ಚಕ್ರವನ್ನು ಎರಡೇ ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, “ಹೇಗೆ ಬಂದಿತ್ತು, ಹೇಗಾಗಿದೆ ನೋಡಿ! ಒಂಚೂರು ಆಟ ಇಲ್ಲ,” ಎಂದಳು. ಮೇಷ್ಟ್ರು ಅವಳ ಬೆರಳನ್ನೇ ನೋಡುತ್ತ ನಿಂತರು. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದರು. ಒಳಗೆ ಎರಡು ಕಿವಿಯ ಒಂದು ಉಕ್ಕಿನ ಕೀಲು. ಕಿವಿಗಳಲ್ಲಿದ್ದ ತೂತುಗಳು ದುಂಡಗಿರಬೇಕಾದವು, ಸವೆದು ಮೊಟ್ಟೆಯಾಕಾರವಾಗಿದ್ದವು.

“ಇದು ನಮ್ಮ ಹಳೇ ವಿಮಾನದ ಬಾಲದ್ದು. ಚುಕ್ಕಾಣಿ ತಿರುಗೋದು ಇಂಥ ಮೂರು ಕೀಲಿನ ಮೇಲೆ. ಮೂರೂ ಹೀಗೇ ಸವೆದಿವೆ,” ಎಂದರು. “ಮಾಡ್ತಿದ್ದ ಕಂಪನಿ ಮುಚ್ಚಿ ಎಷ್ಟೋ ಕಾಲ ಆಯ್ತು. ಹೊಸದು ಎಲ್ಲೂ ಸಿಗಲ್ಲ. ಹೀಗಿರೋವರೆಗೆ ಹಾರೋ ಹಾಗಿಲ್ಲ ಅಂತ ತಪಾಸಣೆಯವರು ನಿಲ್ಲಿಸಿದ್ದಾರೆ.”

“ಹಾರದೇ ಇದ್ರೆ?”

“ಹೆದ್ದಾರಿ ಹೋಟೆಲ್‌ನವನು ಕೇಳಿದ್ದಾನೆ. ಗೇಟಿನ ಮೇಲೆ ನೇತುಹಾಕಿ ದೀಪದ ಸರ ಬಿಡ್ತಾನಂತೆ.”

ಅಕ್ಕ ಕೀಲನ್ನು ಎತ್ತಿಕೊಂಡು ಹೆಬ್ಬೆರಳಿನ ಉಗುರನ್ನು ತೂತಿನ ಒಳಗೋಡೆಯ ಮೇಲೆ ಸುತ್ತಿಸಿದಳು. “ಇಷ್ಟೇನಾ?” ಎಂದಳು.

ಮರುದಿನವೇ ಮೈದಾನಕ್ಕೆ ಹೋಗಿ ವಿಮಾನ ನೋಡಿಬಂದಳು. ಬೆಣ್ಣೆ ಬಣ್ಣದ ಎರಡೇ ಆಸನದ ವಿಮಾನ, ವಯಸ್ಸಿನಲ್ಲಿ ಅಕ್ಕನಿಗಿಂತ ದೊಡ್ಡದು. ಒಳಗೆ ಮರದ ಅಸ್ಥಿಪಂಜರ, ಮೇಲೆ ಬಿಗಿದು ಹೊಲಿದು ಬಣ್ಣ ಬಳಿದ ಬಟ್ಟೆ. “ಅಯ್ಯೋ, ಇದು ಅಂಗಿ ಹಾಕ್ಕೊಂಡಿದೆ!” ಎಂದು ಖುಷಿಯಾಗಿ, ರೆಕ್ಕೆಯ ಹೊಲಿಗೆಯ ಮೇಲೆ ಬೆರಳಾಡಿಸಿ, ಹೊಲಿದವರು ಯಾರೋ ಅವರ ಕೈ ಚೆನ್ನಾಗಿದೆ ಎಂದು ಸರ್ಟಿಫಿಕೇಟ್ ಕೊಟ್ಟಳು. ಬಾಲದ ಚುಕ್ಕಾಣಿ ಎಂದರೆ ನಿಲ್ಲಿಸಿದ ಒಂದು ಪುಟ್ಟ ಬಾಗಿಲಿನಂಥದು. ಪೈಲಟ್ ಕಾಲಿನಿಂದ ಪೆಡಲ್ ಒತ್ತಿದರೆ ತಂತಿ ಎಳೆದು ಅದು ಎಡಕ್ಕೋ ಬಲಕ್ಕೋ ತಿರುಗುತ್ತದೆ, ಅದರ ಜೊತೆ ವಿಮಾನದ ಮೂತಿಯೂ ತಿರುಗುತ್ತದೆ. ತಪಾಸಣೆಯ ಇನ್‌ಸ್ಪೆಕ್ಟರ್ ಮೇಡಂ ಅಲ್ಲೇ ಇದ್ದರು. ಮಾತು ಅಳೆದು ಆಡುವ, ಕೆಲಸ ಬಲ್ಲ ಹೆಂಗಸು. ಯಾವ ಲೋಹದ ಬುಶ್ ಹಾಕಬೇಕು, ಕಿವಿಯ ಅಂಚಿನಲ್ಲಿ ಎಷ್ಟು ಉಕ್ಕು ಉಳಿಯಲೇಬೇಕು ಎಲ್ಲವನ್ನೂ ಬಿಡಿಸಿ ಹೇಳಿದರು. ಅಕ್ಕ ಹೂಂಗುಟ್ಟಿದಳು. ಬೇರೆಯವರು ಹೇಳಿದ್ದಕ್ಕೆ ಅವಳು ಹೂಂಗುಟ್ಟುವುದೇ ಅಪರೂಪ.

ಕೆಲಸ ಮಾಡಿದ್ದು ಮಾತ್ರ ನೋಡುವ ಹಾಗಿತ್ತು. ಒಂದೊಂದೇ ಕೀಲನ್ನು ಲೇತಿಗೆ ಕಟ್ಟಿ, ಉಸಿರು ಹಿಡಿದು ತೂತು ಕೊರೆದು, ಬುಶ್ ಒತ್ತಿ, ರೀಮರ್ ಆಡಿಸಿದಳು. ಕಂಚಿನ ಸಿಪ್ಪೆ ಕೂದಲ ಹಾಗೆ ಸುರುಳಿ ಸುರುಳಿಯಾಗಿ ಬಿತ್ತು. ಮೂರೂ ಮುಗಿದ ದಿನ ಎದುರಿನ ಗುಂಡಿ ಅಂಗಡಿಯವನನ್ನು ಕೂಗಿ ಕರೆದಳು. ಗುಂಡಿ, ನೂಲು, ಜರಿಯಂಚು ಮಾರುವ ಅವನಿಗೆ ಬಾಯಿ ತುಸು ಉದ್ದ, ಅಕ್ಕನ ಬಡಾಯಿಗೆ ಅವನೇ ನಿತ್ಯದ ಶ್ರೋತೃ. ಅವನ ಮುಂದೆ ಒಂದೊಂದೇ ಪಿನ್ನನ್ನು ಬುಶ್ಶಿನ ಬಾಯಿಗೆ ಇಟ್ಟು ಬಿಟ್ಟಳು. ಮೂರೂ ಜೇನು ಇಳಿದ ಹಾಗೆ ಇಳಿದವು.

“ತಪಾಸಣೇಲಿ ಇದು ಪಾಸಾಗ್ಲಿಲ್ಲ ಅನ್ನು,” ಎಂದಳು ಅಕ್ಕ, ಬೀದಿಗೆಲ್ಲ ಕೇಳುವ ಹಾಗೆ, “ಆ ಬೋರ್ಡ್ ಇಳಿಸಿಬಿಡ್ತೀನಿ. ಅಂಗಡಿ ಬಾಗಿಲು ಎಳೀತೀನಿ.”

“ಅಕ್ಕಾ, ಅಷ್ಟು ದೊಡ್ಡ ಮಾತು ಯಾಕೆ?” ಎಂದ ಗುಂಡಿ ಅಂಗಡಿಯವನು. ಆದರೆ ಅವನ ಮುಖ ನೋಡಿದರೆ, ಮಾತು ದೊಡ್ಡದಾದಷ್ಟೂ ಒಳ್ಳೆಯದು ಎಂಬಂತಿತ್ತು.

ತಪಾಸಣೆಯ ದಿನ ಕೀಲುಗಳನ್ನು ಬಾಲದ ಮರದ ಕಂಬಕ್ಕೆ ಬೋಲ್ಟು ಹಾಕಿ ಬಿಗಿದು, ಚುಕ್ಕಾಣಿ ಏರಿಸಿ, ಪಿನ್ನು ತೂರಿಸಿದರು. ಪಿನ್ನು ತೂರಿಸುವಾಗಲೇ ಒಂದಕ್ಕೆ ಸುತ್ತಿಗೆಯ ಹಿಡಿಯಿಂದ ತಟ್ಟಬೇಕಾಯಿತು. ಅದನ್ನು ಅಕ್ಕ ಗಮನಿಸಿದಳು, ಗಮನಿಸದವಳಂತೆ ಇದ್ದಳು. ಇನ್‌ಸ್ಪೆಕ್ಟರ್ ಮೇಡಂ ಚುಕ್ಕಾಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಗಡಗಡ ಅಲ್ಲಾಡಿಸಿದರು. ಟಕ್ ಎಂಬ ಸದ್ದೂ ಇಲ್ಲ. ಅಕ್ಕ ಸೊಂಟಕ್ಕೆ ಕೈ ಕೊಟ್ಟು ಸುತ್ತ ನೋಡಿದಳು. ಮೇಡಂ ತಂತಿ ಬಿಚ್ಚಿಸಿ, ಚುಕ್ಕಾಣಿಯನ್ನು ಒಂದು ಬೆರಳಿಂದ ಒತ್ತಿದರು. ಅದು ಅಲುಗಲಿಲ್ಲ. ಅಂಗೈಯಿಂದ ಒತ್ತಿದರು. ಅರ್ಧ ತಿರುಗಿ, ಮುನಿಸಿಕೊಂಡ ನೆಂಟನ ಹಾಗೆ ಅಲ್ಲೇ ನಿಂತಿತು.

“ಬಿಗಿಯಾಗಿದೆ,” ಎಂದರು ಮೇಡಂ.

“ಆಟ ಇಲ್ಲವಲ್ಲ!”

“ಆಟ ಇಲ್ಲ ಅಮ್ಮ, ಅದು ಸರಿ. ಆದ್ರೆ ಸಡಿಲ ಇದ್ರೆ ಸದ್ದು ಮಾಡಿ ಎಚ್ಚರ ಹೇಳ್ತದೆ. ಬಿಗಿ ಇದ್ರೆ ಮೇಲೆ ಹೋದ್ಮೇಲೆ ಸಿಕ್ಕಿಹಾಕ್ಕೊಳ್ತದೆ, ಹೇಳೋದೇ ಇಲ್ಲ.”

ಅಕ್ಕ ಬಿಡಲಿಲ್ಲ. ಪಿನ್ನುಗಳನ್ನು ತೆಗೆಸಿ ಒಂದೊಂದೇ ಕೀಲನ್ನು ತಿರುಗಿಸಿ ತೋರಿಸಿದಳು. ಬೇರೆ ಬೇರೆಯಾಗಿ ಮೂರೂ ಬೆಣ್ಣೆಯಂತೆ ತಿರುಗಿದವು. ಒಟ್ಟಿಗೆ ಹಾಕಿದರೆ ಮತ್ತೆ ಬಿಗಿ. ಕಾರಣ ಅವಳಿಗೆ ಆಗ ಹೊಳೆಯಿತು: ಮರದ ಕಂಬ ವಯಸ್ಸಿಗೆ ಕೂದಲೆಳೆಯಷ್ಟು ಬಾಗಿದೆ. ಮೂರು ತೂತು ಒಂದೇ ಗೆರೆಯಲ್ಲಿ ಇಲ್ಲ. ಹಳೆಯ ಸವೆದ ಕೀಲುಗಳು ಆ ಬಾಗನ್ನು ತಮ್ಮ ಸಡಿಲಿನಲ್ಲಿ ನುಂಗಿಕೊಂಡಿದ್ದವು.

“ನನ್ನ ಕೆಲಸ ಸರಿಯಾಗೇ ಇದೆ. ಕಂಬ ಡೊಂಕು,” ಎಂದಳು.

“ಕಂಬ ನಾನೇ ನೋಡಿದ್ದೀನಿ, ಮರ ಗಟ್ಟಿ ಇದೆ. ಅಷ್ಟು ಬಾಗು ನಿಯಮ ಒಪ್ಪುತ್ತೆ. ನಿಮ್ಮ ಕೀಲು ಅದರ ಜೊತೆ ಬಾಳಬೇಕು,” ಎಂದರು ಮೇಡಂ. ದನಿಯಲ್ಲಿ ಗದರಿಕೆ ಇರಲಿಲ್ಲ. “ಇನ್ನೊಂದು ಸಲ ಬರ್ತೀನಿ. ಆಗ್ಲೂ ಆಗ್ಲಿಲ್ಲ ಅಂದ್ರೆ ಕ್ಲಬ್ಬಿನವರು ಅದನ್ನ ಹೋಟೆಲ್‌ಗೆ ಕೊಡೋದು ಅಂತ ತೀರ್ಮಾನ ಮಾಡಿದ್ದಾರೆ.”

ಪೈಲಟ್ ಮೇಷ್ಟ್ರು ಚುಕ್ಕಾಣಿಗೆ ಬಟ್ಟೆ ಹೊದಿಸಿದರು. ಬೈದಿದ್ದರೆ ಅಕ್ಕ ತಿರುಗಿ ಬೈದು ಹಗುರಾಗುತ್ತಿದ್ದಳು. ಅದಕ್ಕೂ ಅವಕಾಶ ಸಿಗಲಿಲ್ಲ.

ಸುದ್ದಿ ಅವಳಿಗಿಂತ ಮೊದಲೇ ಬೀದಿ ತಲುಪಿತ್ತು. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದು ಗುಂಡಿ ಅಂಗಡಿಯವನು ಗಿರಾಕಿಯೊಬ್ಬಳಿಗೆ ಹೇಳುವಂತೆ ಹೇಳಿದ. ಆದರೆ ಅಕ್ಕನ ಮುಖ ಕಂಡು ಅವನಿಗೇ ಪಿಚ್ಚೆನಿಸಿತು. ರಸ್ತೆ ದಾಟಿ ಬಂದ. “ಅಕ್ಕಾ, ಬೋರ್ಡ್ ವಿಷಯ ಬಿಡಿ. ಬೀದಿಯವರ್ಯಾರೂ ಅದನ್ನ ಮನಸ್ಸಿಗೆ ಹಾಕ್ಕೊಂಡಿಲ್ಲ.”

“ನಾನು ಹಾಕ್ಕೊಂಡಿದ್ದೀನಿ. ಆಡಿದ ಮಾತು ನಂದು. ಇನ್ನೊಂದು ತಪಾಸಣೆ ಇದೆ, ಅದೂ ಆಗ್ಲಿ. ಆಮೇಲೆ ಸ್ಟೂಲ್ ಹಿಡ್ಕೊಳ್ಳೋಕೆ ನೀನೇ ಬಾ.”

ಹೇಳುವುದೇನೋ ಹೇಳಿದಳು. ಆದರೆ ಬೋರ್ಡ್ ಎಂದರೆ ಬರೀ ತಗಡಲ್ಲ. ಆ ಒಂದು ಸಾಲು ಸುಳ್ಳಾದರೆ, ನಾಳೆ ಯಾವ ಮಿಷನ್ ಮುಂದೆ ಕೂತು ಯಾವ ಧೈರ್ಯದಲ್ಲಿ ಸ್ಕ್ರೂ ತಿರುಗಿಸುವುದು? ಕೆಲಸದ ಮೇಲಿನ ನಂಬಿಕೆ ಹೋದ ಮೇಲೆ ಕೈಯಲ್ಲಿ ಉಳಿಯುವುದು ಹಿಡಿಕೆ ಮಾತ್ರ. ದಿನವೂ ಕೀಲುಗಳನ್ನು ಬೆಂಚಿನ ಮೇಲೆ ಹರಡಿಕೊಂಡು ಕೂರುತ್ತಿದ್ದಳು. ಬುಶ್ಶಿನ ತೂತನ್ನು ಒಂಚೂರು ಅಗಲಿಸಿದರೆ ಚುಕ್ಕಾಣಿ ಸರಾಗ ತಿರುಗುತ್ತದೆ. ಆದರೆ ಆಟ ಮತ್ತೆ ಬರುತ್ತದೆ. ಬಿಗಿಮಾಡಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಅತ್ತ ದರಿ, ಇತ್ತ ಪುಲಿ. ಊಟಕ್ಕೆ ಕೂತರೂ ತಟ್ಟೆಯ ಅಂಚಿನ ಸುತ್ತ ಹೆಬ್ಬೆರಳು ತಿರುಗಿಸುತ್ತ ಇರುವಳು. ಭಾವ ನೋಡುತ್ತಿದ್ದ. ಕೇಳದೆ ಹೇಳಿದರೆ ಏನಾಗುತ್ತದೆ ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು, ಅದಕ್ಕೆ ಸುಮ್ಮನಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಭಾವ ತನ್ನ ಮಾಡಿನ ಕೆಳಗೆ ಒಂದು ಭಾರಿ ಬಾಗಿಲನ್ನು ಚೌಕಟ್ಟಿಗೆ ಕೂರಿಸಿ ನೋಡುತ್ತಿದ್ದ. ಎತ್ತರದ ಬಾಗಿಲು, ಮೂರು ಕೀಲು. ಅಕ್ಕ ಲೋಟದಲ್ಲಿ ಚಹಾ ಹಿಡಿದು ಕೆಂಪು ಗೆರೆಯ ಈಚೆ ನಿಂತಿದ್ದಳು. ಮದುವೆಯಾದಂದಿನಿಂದ ಅವನು ಬಾಗಿಲು ಕೂರಿಸುವುದನ್ನು ಕಂಡಿದ್ದಳು, ಆದರೆ ಗಮನವಿಟ್ಟು ನೋಡಿರಲಿಲ್ಲ. ಭಾವ ಮೇಲಿನ ಕೀಲು ಹಾಕಿದ, ಕೆಳಗಿನದು ಹಾಕಿದ. ಬಾಗಿಲನ್ನು ಒಮ್ಮೆ ಆಡಿಸಿದ. ನಡುವಿನ ಕೀಲನ್ನು ಸ್ಕ್ರೂ ಬಿಗಿಯದೆ ಸುಮ್ಮನೆ ತಗುಲಿಸಿ, ಅದರ ಬೆನ್ನಿಗೂ ಚೌಕಟ್ಟಿಗೂ ನಡುವೆ ಬೆಂಕಿಪೆಟ್ಟಿಗೆಯ ರಟ್ಟಿನ ಚೂರೊಂದನ್ನು ತುರುಕಿದ. ಮತ್ತೆ ಬಾಗಿಲಾಡಿಸಿ, ಅದು ತಾನಾಗಿ ನೆಲೆಗೊಂಡ ಮೇಲೆ ಮೆಲ್ಲಗೆ ಸ್ಕ್ರೂ ತಿರುಗಿಸಿದ.

“ರೀ,” ಎಂದಳು ಅಕ್ಕ, “ನಡುವಿನದನ್ನ ಯಾಕೆ ಕೊನೇಗೆ ಬಿಗಿದಿರಿ?”

ಭಾವ ಕಿವಿಗೆ ಕೈ ಅಡ್ಡ ಹಿಡಿದ. “ಏನಂದೆ? ಗರಗಸದ ಸದ್ದಲ್ಲಿ ಕೇಳಿಸ್ಲಿಲ್ಲ.”

“ಗರಗಸ ಎಲ್ಲಿದೆ ಈಗ? ಕೇಳಿಸಿದೆ ನಿಮಗೆ.”

“ಇಲ್ಲ, ನನ್ನನ್ನ ಏನೋ ಕೇಳಿದ ಹಾಗಿತ್ತು. ಈ ಮನೇಲಿ ನನ್ನನ್ನ ಯಾರೂ ಏನೂ ಕೇಳಲ್ಲವಲ್ಲ, ಅದಕ್ಕೇ ಅನುಮಾನ ಬಂತು.”

ಅಕ್ಕ ಚಹಾದ ಲೋಟ ಕೆಳಗಿಟ್ಟಳು. ಗೆರೆ ದಾಟಿ, ಹೊಟ್ಟಿನ ರಾಶಿಯ ಮೇಲೆ ನಡೆದು ಬಂದು ಅವನ ಮುಂದೆ ನಿಂತಳು. “ಕೇಳ್ತಾ ಇದ್ದೀನಿ. ಹೇಳಿಕೊಡಿ.”

ಭಾವ ತಮಾಷೆ ನಿಲ್ಲಿಸಿದ. ಹೆಂಡತಿಯ ಬಾಯಲ್ಲಿ ಆ ಮಾತು ಬರಬೇಕಾದರೆ ಒಳಗೆ ಎಷ್ಟು ನೊಂದಿರಬೇಕು ಎಂದು ಅವನಿಗೆ ತಿಳಿಯಿತು. ಬಾಗಿಲನ್ನು ಅವಳ ಕೈಗೆ ಕೊಟ್ಟ. “ಮೇಲಿನದು, ಕೆಳಗಿನದು, ಇವೆರಡೇ ಬಾಗಿಲು ಯಾವ ಗೆರೇಲಿ ತಿರುಗಬೇಕು ಅಂತ ಹೇಳೋದು. ನಡುವಿನ ಕೀಲಿಗೆ ಸ್ವಂತ ಅಭಿಪ್ರಾಯ ಇರಬಾರದು ಕಣೇ. ಅವೆರಡು ಏನು ಹೇಳ್ತವೋ ಅದಕ್ಕೆ ಹೂಂ ಅನ್ಬೇಕು. ಚೌಕಟ್ಟು ಒಳಕ್ಕೆ ಬಾಗಿದ್ರೆ ಹಿಂದೆ ರಟ್ಟು ಕೊಟ್ಟು ಮುಂದಕ್ಕೆ ತರೋದು. ನೀನು ಮೂರನ್ನೂ ಬೇರೆ ಬೇರೆ ಸಾಕಿ ದೊಡ್ಡವರನ್ನ ಮಾಡಿದೆ. ಮೂರಕ್ಕೂ ಜಂಬ. ಒಂದೇ ಮನೇಲಿ ಬಾಳ್ತಾವಾ?”

ಅಕ್ಕ ಬಾಗಿಲನ್ನು ತೆರೆದಳು, ಮುಚ್ಚಿದಳು, ತೆರೆದಳು. “ನಡುವಿನ ಕೀಲು ಥೇಟ್ ನಿಮ್ಮ ಥರ,” ಎಂದಳು. “ಎಲ್ಲದಕ್ಕೂ ಹೂಂ.” ಅಷ್ಟು ಹೇಳುವಷ್ಟರಲ್ಲಿ ಅವಳ ಮುಖದ ಮೇಲೆ ಎಷ್ಟೋ ದಿನದ ಮೇಲೆ ಬೆಳಕು ಬಂದಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವವರು ಹಿತ್ತಲಿಗೆ ಹೋಗಿಯೇ ಇರುವುದಿಲ್ಲ.

ಮರುದಿನದಿಂದ ಗಂಡ ಹೆಂಡತಿ ಇಬ್ಬರೂ ಮೈದಾನಕ್ಕೆ ಹೊರಟರು. ಅಕ್ಕ ಹೊಸ ಬುಶ್ಶುಗಳನ್ನು ಒತ್ತಿದ್ದಳು, ಈ ಸಲ ತೂತನ್ನು ಬೇಕೆಂದೇ ಚಿಕ್ಕದಾಗಿ ಬಿಟ್ಟಿದ್ದಳು. ಕೊನೆಯ ಸಿಪ್ಪೆ ಬೆಂಚಿನ ಮೇಲೆ ಅಲ್ಲ, ಬಾಲದ ಮೇಲೆಯೇ ಹೆರೆಯುವುದು. ಮೂರು ಕೀಲುಗಳ ಮೂಲಕ ಒಂದೇ ಉದ್ದ ಕಡ್ಡಿ ತೂರಿಸಿ, ಕಡ್ಡಿಯ ತುದಿಗೆ ರೀಮರ್ ಕಟ್ಟಿ, ಮೂರನ್ನೂ ಒಂದೇ ಗೆರೆಯಲ್ಲಿ ಹೆರೆಯುವುದು ಅವಳ ಲೆಕ್ಕ. ಅದಕ್ಕೆ ಕಡ್ಡಿ ಕೂದಲೆಳೆಯಷ್ಟೂ ಬಾಗದೆ ನೆಟ್ಟಗಿರಬೇಕಲ್ಲ? ಅದನ್ನು ಉರುಳಿಸಿ ಪರೀಕ್ಷಿಸಲು ಸಪಾಟಾದ ಗಾಜು ಬೇಕಿತ್ತು. ಗುಂಡಿ ಅಂಗಡಿಯ ಗಾಜಿನ ಕೌಂಟರ್ ಬಿಟ್ಟರೆ ಬೀದಿಯಲ್ಲಿ ಅಂಥದು ಇನ್ನೊಂದಿಲ್ಲ. ಅಕ್ಕ ಹೋಗಿ, ಹರಡಿದ್ದ ಗುಂಡಿಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ, ಉಕ್ಕಿನ ಕಡ್ಡಿಗಳನ್ನು ಒಂದೊಂದಾಗಿ ಅದರ ಮೇಲೆ ಉರುಳಿಸಿದಳು. ಮೊದಲನೆಯದು ಕುಣಿಯುತ್ತ ಉರುಳಿತು. ಎರಡನೆಯದೂ ಕುಣಿಯಿತು.

“ನನ್ನ ಗಾಜು!” ಎಂದ ಅಂಗಡಿಯವನು.

“ಸುಮ್ನಿರು. ನಿನ್ನ ಗಾಜು ಇವತ್ತು ವಿಮಾನದ ಕೆಲಸಕ್ಕೆ ಬಂದಿದೆ, ಪುಣ್ಯ ಮಾಡಿದೆ.”

ಒಂದು ಕಡ್ಡಿ ಮಾತ್ರ ಸದ್ದಿಲ್ಲದೆ, ನೀರಿನ ಮೇಲೆ ಹೋದ ಹಾಗೆ ಉರುಳಿ ಆಚೆ ಅಂಚಿಗೆ ಹೋಯಿತು. ಬೀಳುವ ಮುನ್ನ ಅದನ್ನು ಹಿಡಿದವನು ಗುಂಡಿ ಅಂಗಡಿಯವನೇ. ಗಾಜಿನ ಮಟ್ಟಕ್ಕೆ ಕಣ್ಣಿಟ್ಟು ಬಗ್ಗಿ ನೋಡಿದ. “ಇದು ನೆಟ್ಟಗಿದೆ ಅಕ್ಕಾ,” ಎಂದ. ಅಂದಿನಿಂದ ಅವನೂ ಅಕ್ಕನ ಪಕ್ಷದವನಾದ.

ಬಾಲದ ಹತ್ತಿರ ಭಾವ ಮೊದಲು ಮಾಡಿದ್ದು ಕಂಬವನ್ನು ಅಂಗೈಯಿಂದ ಸವರಿದ್ದು. ದಾರ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. “ಚೆನ್ನಾಗಿ ಬದುಕಿದ ಮರ,” ಎಂದ. “ನಡುವಲ್ಲಿ ಸ್ವಲ್ಪ ಒಳಗೆ ಸರಿದಿದೆ, ಅಷ್ಟೇ.” ಮೇಲಿನ, ಕೆಳಗಿನ ಕೀಲುಗಳನ್ನು ಬಿಗಿದು ಕಡ್ಡಿ ತೂರಿಸಿದರೆ ನಡುವಿನ ತೂತು ಕಡ್ಡಿಗೆ ಮುಖ ತಿರುಗಿಸಿಕೊಂಡಿತ್ತು. ಹಿಂದೆ ರಟ್ಟಿನ ಬದಲು ತೆಳುವಾದ ಹಿತ್ತಾಳೆಯ ತಗಡು ಕೊಡಬಹುದೇ ಎಂದು ಮೇಷ್ಟ್ರು ಇನ್‌ಸ್ಪೆಕ್ಟರ್ ಮೇಡಂಗೆ ಫೋನ್ ಮಾಡಿದರು. ಬೋಲ್ಟು ತಗಡನ್ನು ತೂರಿಕೊಂಡು ಹೋಗಿ ಕಂಬಕ್ಕೆ ಬಿಗಿಯುವುದಾದರೆ ಅಡ್ಡಿಯಿಲ್ಲ ಎಂದು ಅವರು ಒಪ್ಪಿದರು. ಭಾವ ಕತ್ತರಿಸಿಕೊಟ್ಟ ಮೊದಲ ತಗಡು ದಪ್ಪವಾಯಿತು. ಎರಡನೆಯದನ್ನು ಅಕ್ಕ ಉಜ್ಜಿ ಉಜ್ಜಿ ತೆಳುಮಾಡಿದಳು. ಅದನ್ನು ಇಟ್ಟು ಕಡ್ಡಿ ತೂರಿಸಿದಾಗ ಅದು ಮೇಲಿನ ಕೀಲು ದಾಟಿ, ನಡುವಿನ ಕೀಲಿನ ಬಾಯಲ್ಲಿ ಕ್ಷಣ ನಿಂತು, ಸೊರ್ರನೆ ಕೆಳಗಿನದಕ್ಕೂ ಇಳಿಯಿತು. ಅಕ್ಕ ಸ್ಪಾನರ್‌ಗೆ ಕೈ ಹಾಕಿದಳು.

“ತಡಿ,” ಎಂದ ಭಾವ. “ಈಗ್ಲೇ ಬಿಗೀಬೇಡ. ಇನ್ನೂ ಎರಡು ಸಲ ಆಡಿಸು. ಅದೇ ಒಪ್ಕೊಳ್ಳಲಿ.”

ಅಕ್ಕ ತಡೆದಳು. ಅವಳ ಆಯುಷ್ಯದಲ್ಲಿ ಸ್ಪಾನರ್ ಹಿಡಿದು ತಡೆದದ್ದು ಅದೇ ಮೊದಲು. ನಂತರ ಅವನು ಹೂಂ ಎಂದಾಗ ಬಿಗಿದಳು. ಕಡ್ಡಿಗೆ ರೀಮರ್ ಕಟ್ಟಿ ಮೆಲ್ಲಗೆ ತಿರುಗಿಸತೊಡಗಿದಳು. ಭಾವ ಕಡ್ಡಿಯ ಇನ್ನೊಂದು ತುದಿ ಹಿಡಿದು ದಾರದ ಮೇಲೆ ಕಣ್ಣಿಟ್ಟಿದ್ದ. ಕಂಚಿನ ಪುಡಿ ಇಬ್ಬರ ಕೈಮೇಲೂ ಉದುರಿತು. ಮಾತಿಲ್ಲದೆ ಇಬ್ಬರೂ ಅಷ್ಟು ಹೊತ್ತು ಒಟ್ಟಿಗಿದ್ದುದನ್ನು ಕಂಡಿದ್ದರೆ ಬೀದಿಯವರು ವೈದ್ಯರನ್ನು ಕರೆಸುತ್ತಿದ್ದರೋ ಏನೋ.

ಎರಡನೆಯ ತಪಾಸಣೆಗೆ ಕ್ಲಬ್ಬಿನವರು ಬಂದಿದ್ದರು, ಹೋಟೆಲ್‌ನವನು ಅಳತೆಯ ಟೇಪ್ ಹಿಡಿದು ಬಂದಿದ್ದ, ಗುಂಡಿ ಅಂಗಡಿಯವನು ಅಂಗಡಿ ಮುಚ್ಚಿಯೇ ಬಂದಿದ್ದ. ಅಕ್ಕ ಈ ಸಲ ಸೊಂಟಕ್ಕೆ ಕೈ ಕೊಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಮೇಡಂ ಚುಕ್ಕಾಣಿಯನ್ನು ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೂ ಬಲವಾಗಿ ಅಲ್ಲಾಡಿಸಿದರು. ಸದ್ದಿಲ್ಲ. ತಂತಿ ಬಿಚ್ಚಿಸಿ ಕೈ ಚಾಚಿದರು. ಅವರ ಬೆರಳು ಮುಟ್ಟುವ ಮೊದಲೇ, ವಿಮಾನದ ಶೆಡ್ಡಿನ ತೆರೆದ ಬಾಗಿಲಿಂದ ಬಂದ ಗಾಳಿಗೆ ಚುಕ್ಕಾಣಿ ತಾನಾಗಿ ಮೆಲ್ಲಗೆ ಎಡಕ್ಕೆ ತಿರುಗಿತು. ಗಾಳಿ ನಿಂತಾಗ ನಿಂತಿತು. ಮತ್ತೆ ಬೀಸಿದಾಗ ಬಲಕ್ಕೆ ಹೊರಳಿತು.

ಮೇಡಂ ಚಾಚಿದ ಕೈಯನ್ನು ಹಾಗೇ ಹಿಡಿದು ನೋಡುತ್ತ ನಿಂತಿದ್ದರು. ಆಮೇಲೆ ದೀಪ ಹಿಡಿದು ಬುಶ್ಶು, ತಗಡು, ಬೋಲ್ಟು ಎಲ್ಲವನ್ನೂ ಸಾವಕಾಶವಾಗಿ ನೋಡಿ, ಅಳತೆ ತೆಗೆದು, ಕೈ ಒರೆಸಿಕೊಂಡರು.

“ಪಾಸು,” ಎಂದರು. ಆಮೇಲೆ, ಅಳೆದು ಆಡುವ ಆ ಹೆಂಗಸು ಒಂದು ಮಾತು ಹೆಚ್ಚಿಗೆ ಆಡಿದರು: “ಇಷ್ಟು ಚೆನ್ನಾಗಿ ತಿರುಗೋ ಬಾಲ ನಾನು ನೋಡಿರ್ಲಿಲ್ಲ.”

ಅಕ್ಕ ಕೂಗಿದಳು. ಮಾತಲ್ಲ, ಬರೀ ಕೂಗು. ಮೇಷ್ಟ್ರು ತಲೆ ತಗ್ಗಿಸುವುದನ್ನು ಮರೆತು ನೆಟ್ಟಗೆ ನಿಂತು ರೆಕ್ಕೆಗೆ ಹಣೆ ಬಡಿಸಿಕೊಂಡರು, ನೋವನ್ನೂ ಮರೆತು ನಕ್ಕರು. ಹೋಟೆಲ್‌ನವನು ಟೇಪ್ ಸುತ್ತಿಕೊಂಡ. ಗುಂಡಿ ಅಂಗಡಿಯವನು, “ಬೋರ್ಡ್ ಅಂತ ಏನೋ ಮಾತು ಬಂದಿತ್ತಲ್ಲ, ನಂಗೆ ನೆನಪೇ ಇಲ್ಲ,” ಎಂದು ತಾನಾಗಿಯೇ ಎಲ್ಲರಿಗೂ ಹೇಳಿಕೊಂಡು ತಿರುಗಾಡಿದ.

ಮೇಷ್ಟ್ರು ಮೊದಲು ಒಬ್ಬರೇ ಹತ್ತಿ, ಮೈದಾನದ ಮೇಲೆ ಒಂದು ಸುತ್ತು ಹಾಕಿ ಇಳಿದರು. ಇಂಜಿನ್ ನಿಲ್ಲಿಸದೆ ಅಕ್ಕನಿಗೆ ಕೈಬೀಸಿದರು. “ಬನ್ನಿ! ನಮ್ಮಲ್ಲೊಂದು ಪದ್ಧತಿ ಇದೆ. ರಿಪೇರಿಗೆ ಕೈ ಹಾಕಿದವರೇ ಮೊದಲ ಪ್ರಯಾಣಿಕರು.”

ಅಕ್ಕ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಅವಳು ಅಲ್ಲಿಯವರೆಗೆ ನೆಲ ಬಿಟ್ಟು ಹೋದ ಅತಿ ಎತ್ತರದ ಜಾಗ ಎಂದರೆ ಮನೆಯ ಅಟ್ಟ. “ನಾನಾ? ನನಗೆ ಅಂಗಡೀಲಿ ಕೆಲಸ ಇದೆ,” ಎಂದಳು.

“ಯಾಕೇ, ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ?” ಎಂದ ಭಾವ.

ಆ ಮಾತು ಸಾಕಾಯಿತು. ಅಕ್ಕ ಸೆರಗು ಸೊಂಟಕ್ಕೆ ಬಿಗಿದು ಹತ್ತಿದಳು.

ನೆಲ ಬಿಡುವಾಗ ಕಣ್ಣು ಮುಚ್ಚಿದ್ದಳು. ತೆರೆದಾಗ ಊರು ಕೆಳಗಿತ್ತು: ಮಾಡುಗಳು, ನೀರಿನ ಟ್ಯಾಂಕು, ರಸ್ತೆ, ರಸ್ತೆಯ ಮೇಲೆ ಇರುವೆಯಂಥ ಜನ. ಅವಳಿಗೆ ಅದಾವುದರ ಮೇಲೂ ಗಮನ ನಿಲ್ಲಲಿಲ್ಲ. ಕಾಲ ಕೆಳಗೆ ಎರಡು ಪೆಡಲ್ ಇದ್ದವು, ಮೇಷ್ಟ್ರ ಪೆಡಲ್ ಆಡಿದಾಗ ಅವೂ ಆಡುತ್ತಿದ್ದವು. ಚಪ್ಪಲಿಯಿಂದ ಕಾಲು ಹೊರತೆಗೆದು ಬರಿಗಾಲನ್ನು ಅವುಗಳ ಮೇಲಿಟ್ಟಳು. ತಂತಿಯ ಆಚೆ ತುದಿಯಲ್ಲಿ ಮೂರು ಕೀಲು ತಿರುಗುವುದು ಅವಳ ಅಂಗಾಲಿಗೆ ತಿಳಿಯುತ್ತಿತ್ತು.

“ಎಡಗಾಲು ಒತ್ತಿ ಅಕ್ಕಾ, ಮೆಲ್ಲಗೆ!” ಎಂದು ಮೇಷ್ಟ್ರು ಹಿಂದಿನ ಆಸನದಿಂದ ಕೂಗಿದರು. “ನಾನು ಕಾಲು ಎತ್ತಿದ್ದೀನಿ.”

ಅಕ್ಕ ಒತ್ತಿದಳು. ವಿಮಾನದ ಮೂತಿ ಎಡಕ್ಕೆ ಸರಿಯಿತು. ಟ್ಯಾಂಕು, ರಸ್ತೆ, ಮಾಡುಗಳು, ದೂರದ ಗುಡ್ಡ ಎಲ್ಲವೂ ಒಟ್ಟಾಗಿ ಬಲಕ್ಕೆ ಜಾರಿದವು. ಕಾಲು ಸಡಿಲಿಸಿದಳು, ನಿಂತವು. ಮತ್ತೆ ಎಡಗಾಲನ್ನೇ ಒತ್ತಿದಳು. ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆಯುವ ಗೋಜಿಗೆ ಹೋಗಲಿಲ್ಲ. ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಲೂ ಇರಲಿಲ್ಲ.

ಇಳಿದಾಗ ಭಾವ ಓಡಿ ಬಂದ. “ಮೇಲಿಂದ ಏನೇನು ಕಾಣಿಸ್ತು? ನಮ್ಮ ಮನೆ ಕಾಣಿಸ್ತಾ?”

“ನೋಡೋಕೆ ಪುರುಸೊತ್ತೆಲ್ಲಿತ್ತು? ನಾನು ಊರನ್ನ ತಿರುಗಿಸ್ತಾ ಇದ್ದೆ.”

“ಯಾವ ಊರನ್ನ?”

“ನಮ್ಮೂರನ್ನ. ಎಡಗಾಲಲ್ಲಿ.” ಅಕ್ಕ ಅವನ ತೋಳು ಹಿಡಿದು ವಿಮಾನದ ಕಡೆಗೆ ಎಳೆದಳು. “ಮೇಷ್ಟ್ರೇ, ಇಂಜಿನ್ ನಿಲ್ಲಿಸ್ಬೇಡಿ! ಕೈ ಹಾಕಿದವರು ಇಬ್ಬರು. ಎಡಗಾಲಲ್ಲಿ ನಾನು ತಿರುಗಿಸಿ ಆಯ್ತು. ಇನ್ನು ಇವರು ಬಲಗಾಲಲ್ಲಿ ತಿರುಗಿಸ್ಲಿ, ಊರು ನೆಟ್ಟಗಾಗ್ಲಿ!”

ಭಾವ ಆಗಲೇ ಚಪ್ಪಲಿ ಬಿಡುತ್ತಿದ್ದ.